ಎಂಟನೇ ಬಿ ಕೋಣೆಯ ಗಾಳಿ

ಶಾಲೆಯಲ್ಲಿ ‘ಉದಾಹರಣೆ ಮೇಷ್ಟ್ರು’ ಎಂದೇ ಹೆಸರಾಗಿದ್ದ ವಿಜ್ಞಾನದ ಮೇಷ್ಟ್ರು ಬೇಕೆಂದು ಸುಳ್ಳು ಹೇಳುವವರಲ್ಲ. ಅವರ ತೊಂದರೆಗಳೆಲ್ಲ ಬಾಯಿಂದ ಶುರುವಾದಂತೆ ಕಾಣುತ್ತಿದ್ದವು, ಆದರೆ ನಿಜಕ್ಕೂ ಶುರುವಾಗುತ್ತಿದ್ದದ್ದು ಕಿವಿಯಿಂದ. ಮೂರು ವರ್ಷದಿಂದ ಅವರ ಎಡಗಿವಿ ಪೂರ್ತಿ ಮಂದವಾಗಿತ್ತು. ಬಲಗಿವಿ ಅರ್ಧ ಕೆಲಸ ಮಾಡುತ್ತಿತ್ತು. ಈ ವಿಷಯ ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ಶಾಲೆಯಲ್ಲಿ ಅವರು ಉಸಿರೆತ್ತಿರಲಿಲ್ಲ. ಕಣ್ಣು ಮಂಜಾಯಿತು ಎಂದು ಪ್ರಾಮಾಣಿಕವಾಗಿ ಹೇಳಿಕೊಂಡ ಚಿತ್ರಕಲೆಯ ಮೇಷ್ಟ್ರನ್ನು ಇಲಾಖೆಯವರು ಎರಡೇ ವಾರದಲ್ಲಿ ಉಗ್ರಾಣಕ್ಕೆ ಹಾಕಿದ್ದರು. ಅವರು ಈಗ ಅಲ್ಲಿ ಮುರಿದ ಕುರ್ಚಿಗಳನ್ನು ಎಣಿಸುತ್ತ ಕೂತಿದ್ದಾರೆ. ಕುರ್ಚಿ ಎಣಿಸುವುದಕ್ಕೆ ಕಣ್ಣು ಬೇಡವೇ ಎಂದು ಯಾರೂ ಕೇಳಲಿಲ್ಲ.

ಇಂಥ ಮನುಷ್ಯರನ್ನು ‘ದತ್ತಾಂಶದ ಮೂಲಕ ವಿಜ್ಞಾನ ಬೋಧನೆ’ ಎಂಬ ಎರಡು ದಿನದ ತರಬೇತಿಗೆ ಕಳಿಸಲಾಯಿತು. ತರಬೇತಿ ಕೇಂದ್ರದ ಬಾಗಿಲಲ್ಲಿ ಗುಮಾಸ್ತ ತಲೆ ಎತ್ತದೆ “ಆರನೇ ಕೋಣೆ” ಅಂದ. ಮೇಷ್ಟ್ರಿಗೆ ಕೇಳಿಸಿದ್ದು ಮೂರನೇ ಕೋಣೆ. ಮೂರನೇ ಕೋಣೆಯಲ್ಲಿ ಗ್ರಂಥಾಲಯದವರಿಗೆ ಹಳೆಯ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡುವ ಬಗೆಯನ್ನು ಹೇಳಿಕೊಡುತ್ತಿದ್ದರು. ಮೊದಲ ದಿನ ಪೂರ್ತಿ ಮೇಷ್ಟ್ರು ಇದನ್ನೆಲ್ಲ ಪೀಠಿಕೆ ಎಂದೇ ತಿಳಿದರು. ದೊಡ್ಡ ವಿಷಯಕ್ಕೆ ಬರುವ ಮೊದಲು ಸಣ್ಣ ಹುಳದಿಂದ ಶುರುಮಾಡುತ್ತಿದ್ದಾರೆ, ಒಳ್ಳೆಯ ಕ್ರಮ ಅಂದುಕೊಂಡರು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ವಿಷಯ ಅರ್ಥವಾಯಿತು. ಅಷ್ಟರಲ್ಲಿ ಅವರನ್ನು ಗುಂಪಿನ ಮುಖಂಡರನ್ನಾಗಿ ಆರಿಸಿದ್ದರು, ನುಸಿಗುಳಿಗೆಯ ಬಗ್ಗೆ ಅವರು ಹತ್ತು ನಿಮಿಷ ಮಾತಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದರು. ಎದ್ದು ಹೋಗುವುದು ಮರ್ಯಾದೆಯಾಗಿ ಕಾಣಲಿಲ್ಲ.

ಮರುದಿನ ಹೆಡ್ ಮೇಡಂ ಕರೆದು ಕೇಳಿದರು. “ಹೇಗಿತ್ತು ಮೇಷ್ಟ್ರೇ ತರಬೇತಿ?”

“ಬಹಳ ಆಳವಾಗಿತ್ತು ಮೇಡಂ. ಒಳಗಿಂದೊಳಗೇ ತಿಂದು ಹಾಕ್ತಾ ಇರೋದನ್ನ ಹೊರಗಡೆಯಿಂದ ಗುರುತು ಹಿಡಿಯೋದು ಹೇಗೆ ಅಂತ ಹೇಳಿಕೊಟ್ರು.”

ಹೆಡ್ ಮೇಡಂ ಡೈರಿ ತೆಗೆದು ಆ ಮಾತನ್ನು ಹಾಗೇ ಬರೆದುಕೊಂಡರು. “ದತ್ತಾಂಶ ಅಂದ್ರೆ ಅದೇ ಅಲ್ವಾ,” ಅಂದರು. ಮೇಷ್ಟ್ರು ಒಪ್ಪಿದರು. ಆ ಗಳಿಗೆಯಿಂದ ಶಾಲೆಯ ದತ್ತಾಂಶ ತಜ್ಞರು ಅವರೇ ಆದರು.

ತಜ್ಞರಾದ ಮೇಲೆ ಕೆಲಸ ಬರದೆ ಇರುತ್ತದೆಯೇ? ಒಂದು ವಾರದಲ್ಲಿ ಇಲಾಖೆಯಿಂದ ಅಂಗೈಯಗಲದ ಬಿಳಿ ಪೆಟ್ಟಿಗೆಯೊಂದು ಬಂತು. ಅದರ ಮುಖದ ಮೇಲೆ ಒಂದು ಅಂಕಿ ಮೂಡುತ್ತಿತ್ತು, ಕೆಳಗೆ ಸಣ್ಣದೊಂದು ದೀಪವಿತ್ತು. ಜೊತೆಗಿದ್ದ ಪತ್ರದ ಪ್ರಕಾರ ಅದು ಗಾಳಿಯ ಗುಣಮಟ್ಟದ ಮಾಪಕ. ಒಂದು ತರಗತಿಯಲ್ಲಿ ಅದನ್ನು ತೂಗುಹಾಕಬೇಕು, ಐದೈದು ನಿಮಿಷಕ್ಕೆ ಅದು ತಾನಾಗಿಯೇ ಅಂಕಿಯನ್ನು ಇಲಾಖೆಯ ಕಚೇರಿಗೆ ಕಳಿಸುತ್ತದೆ, ವಿದ್ಯಾರ್ಥಿಗಳು ಆ ಅಂಕಿಗಳಿಂದ ನಕ್ಷೆ ಬರೆದು, ಪ್ರಶ್ನೆ ಕೇಳಿ, ಕಾರಣ ಹುಡುಕಿ ವಿಜ್ಞಾನ ಕಲಿಯಬೇಕು. ಹದಿನಾರು ಪುಟದ ಕೈಪಿಡಿಯೂ ಇತ್ತು. ಅಕ್ಷರ ಬಹಳ ಸಣ್ಣದು. ನಿಧಾನವಾಗಿ ಓದೋಣವೆಂದು ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟರು.

ಪತ್ರದಲ್ಲಿ ಅವರ ಕಣ್ಣು ನಿಂತದ್ದು ‘ಗುಣಮಟ್ಟ’ ಎಂಬ ಪದದ ಮೇಲೆ. ಇಪ್ಪತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದ ಮನುಷ್ಯನಿಗೆ, ಜಾಸ್ತಿಯಾದರೆ ಕೆಟ್ಟದ್ದು ಎನ್ನುವ ಅಂಕಿ ಲೋಕದಲ್ಲಿದೆಯೆಂದು ಥಟ್ಟನೆ ಹೊಳೆಯುವುದಿಲ್ಲ. ಗುಣಮಟ್ಟ ಅಳೆಯುವ ಯಂತ್ರ ಅಂದಮೇಲೆ ಅಂಕಿ ಏರಿದಷ್ಟೂ ಗುಣ ಹೆಚ್ಚು. ಇದರಲ್ಲಿ ಕೈಪಿಡಿ ಓದುವಂಥದ್ದೇನಿದೆ?

ಪೆಟ್ಟಿಗೆಯನ್ನು ಎಂಟನೇ ಬಿ ಕೋಣೆಯಲ್ಲಿ ಕರಿಹಲಗೆಯ ಮೇಲೆ ಮೊಳೆ ಹೊಡೆದು ತೂಗುಹಾಕಿದರು. ಎಂಟನೇ ಬಿ ಶಾಲೆಯಲ್ಲೇ ಹೆಸರು ಕೆಡಿಸಿಕೊಂಡ ತರಗತಿ. ನಲವತ್ತೊಂಬತ್ತು ಮಕ್ಕಳು. ನಾಲ್ಕನೇ ಅವಧಿಯಲ್ಲಿ, ಅಂದರೆ ಊಟದ ಬಿಡುವಿಗೆ ಮುಂಚೆ ಬರುವ ವಿಜ್ಞಾನದ ಪಾಠದಲ್ಲಿ, ಅರ್ಧದಷ್ಟು ತಲೆಗಳು ಡೆಸ್ಕಿನ ಮೇಲಿರುತ್ತಿದ್ದವು. ಗೋಡೆಯ ಪಕ್ಕ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ ಎತ್ತರದ ಹುಡುಗಿಗಂತೂ ‘ನಿದ್ದೆಗಣ್ಣಿ’ ಎಂಬ ಹೆಸರೇ ಅಂಟಿಕೊಂಡಿತ್ತು. ಪೆಟ್ಟಿಗೆ ತೂಗುಹಾಕಿದ ದಿನವೂ ಅವಳು ನಿದ್ದೆ ಹೋದಳು.

ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರು. “ನಿದ್ದೆ ಬರಬಾರದು ಅಂದ್ರೆ ಕೈಗೆ ಕೆಲಸ ಬೇಕು. ಹಿಂದೆ ಹೋಗಿ ನಿಂತ್ಕೋ. ಐದೈದು ನಿಮಿಷಕ್ಕೂ ಆ ಅಂಕಿ ನೋಡಿ ಬರ್ಕೋ. ಈ ವರ್ಷ ಮುಗಿಯೋ ತನಕ ಇದೇ ನಿನ್ನ ಕೆಲಸ.”

ಹುಡುಗಿ ನಕ್ಷೆಪುಸ್ತಕ ತೆಗೆದುಕೊಂಡು ಹಿಂದಿನ ಗೋಡೆಗೆ ಒರಗಿ ನಿಂತಳು.

ಈಗ ಕಿಟಕಿಗಳ ವಿಷಯ ಹೇಳಬೇಕು. ಎಂಟನೇ ಬಿ ಕೋಣೆಗೆ ಬೀದಿಯ ಕಡೆ ನಾಲ್ಕು ದೊಡ್ಡ ಕಿಟಕಿಗಳು. ಎದುರಿಗೇ ತಗಡಿನ ಟ್ರಂಕು ಮಾಡುವವನ ಅಂಗಡಿ. ಬೆಳಗಿನಿಂದ ಸಂಜೆಯವರೆಗೂ ಅವನ ಸುತ್ತಿಗೆ ನಿಲ್ಲುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳು ಅದರ ಮೇಲೆ ಕೂಗಿ ಪಾಠ ಮಾಡುತ್ತಿದ್ದರು. ನಮ್ಮ ಮೇಷ್ಟ್ರಿಗೆ ಕೂಗುವುದೇನೂ ಕಷ್ಟವಿರಲಿಲ್ಲ. ಮಕ್ಕಳು ಹೇಳುವ ಉತ್ತರವನ್ನು ಆ ಸದ್ದಿನಲ್ಲಿ ಹಿಡಿಯುವುದೇ ಆಗದ ಮಾತಾಗಿತ್ತು. ಹಾಗಾಗಿ ಒಳಗೆ ಬಂದವರೇ ಮೊದಲು ನಾಲ್ಕೂ ಕಿಟಕಿ ಮುಚ್ಚಿ, ಅಗುಳಿ ಹಾಕಿ, ಬಾಗಿಲನ್ನೂ ದಬ್ಬಿ, “ಏಕಾಗ್ರತೆ ಬೇಕು” ಅನ್ನುತ್ತಿದ್ದರು. ಮಕ್ಕಳು ನಂಬಿದ್ದರು.

ಮುಚ್ಚಿದ ಕೋಣೆಯಲ್ಲಿ ಐವತ್ತು ಜನ ಉಸಿರಾಡಿದರೆ ಆಗುವುದು ಆಯಿತು. ಅವಧಿ ಶುರುವಾದಾಗ ಆರುನೂರ ನಲವತ್ತಿದ್ದ ಅಂಕಿ ಹತ್ತು ನಿಮಿಷದಲ್ಲಿ ಸಾವಿರದ ಮುನ್ನೂರಾಯಿತು, ಅರ್ಧ ಗಂಟೆಗೆ ಎರಡೂವರೆ ಸಾವಿರ ದಾಟಿತು. ದೀಪ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿತು.

“ಕೆಂಪು ಅಂದ್ರೆ ಏನು ಸಾರ್?” ಎಂದು ಮುಂದಿನ ಬೆಂಚಿನವನೊಬ್ಬ ಕೇಳಿದ.

“ಕರೆಂಟು ಚೆನ್ನಾಗಿ ಬರ್ತಾ ಇದೆ ಅಂತ,” ಅಂದರು ಮೇಷ್ಟ್ರು. “ಅಂಕಿ ಕಡೆ ಗಮನ ಇಡ್ರಪ್ಪಾ. ಉದಾಹರಣೆಗೆ, ನೀವು ಮನಸ್ಸಿಟ್ಟು ಕೇಳ್ತಾ ಇದ್ದೀರಿ, ಗುಣ ಏರ್ತಾ ಇದೆ.”

ಗಂಟೆ ಹೊಡೆಯುವ ಹೊತ್ತಿಗೆ ಅಂಕಿ ಮೂರು ಸಾವಿರ ಮುಟ್ಟಿತು. ಎಚ್ಚರವಿದ್ದವರು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಉಳಿದವರು ಎದ್ದರು.

ಅಧ್ಯಾಪಕರ ಕೋಣೆಯಲ್ಲಿ ಸುದ್ದಿ ಹರಡಿತು. ಎರಡನೇ ಅವಧಿಗೆ ಅದೇ ತರಗತಿಗೆ ಹೋಗುತ್ತಿದ್ದ ಗಣಿತದ ಮೇಡಂ ಎಷ್ಟು ಬೆವರು ಹರಿಸಿದರೂ ಅಂಕಿ ಒಂಬೈನೂರು ದಾಟುತ್ತಿರಲಿಲ್ಲ. “ಹತ್ತೊಂಬತ್ತು ವರ್ಷದ ಅನುಭವ ನಂದು. ಒಂಬೈನೂರೇ?” ಎಂದು ಅವರು ಚಹಾ ಕುಡಿಯುವುದನ್ನೇ ಬಿಟ್ಟರು. ಎರಡು ವಾರ ಹೀಗೇ ನಡೆದ ಮೇಲೆ, ಒಂದು ಸೋಮವಾರ ಬೆಳಗ್ಗೆ ಹೆಡ್ ಮೇಡಂ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಂಟನೇ ಬಿ ತರಗತಿ ಮೂರು ಸಾವಿರ ಗುಣಮಟ್ಟ ಸಾಧಿಸಿದೆ ಎಂದು ಸಾರಿದರು. ಎಂಟನೇ ಬಿಯ ಮಕ್ಕಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅವರು ಆಕಳಿಕೆ ತಡೆದುಕೊಂಡು ನೆಟ್ಟಗೆ ನಿಂತರು. ಅದೇ ದಿನ ಹೆಡ್ ಮೇಡಂ ಇಲಾಖೆಗೆ ಪತ್ರವನ್ನೂ ಬರೆದರು: ಪೆಟ್ಟಿಗೆ ಪಡೆದ ನಲವತ್ತು ಶಾಲೆಗಳಲ್ಲಿ ಇಷ್ಟು ಅಂಕಿ ಯಾರಿಗೂ ಬಂದಿರಲಾರದು, ದಯವಿಟ್ಟು ಗಮನಿಸಬೇಕು.

ಇಲಾಖೆ ಗಮನಿಸಿತು. ನಾಲ್ಕನೇ ದಿನ ಉತ್ತರ ಬಂತು.

ಶಾಲೆಗೆ ಬರುವ ಪತ್ರಗಳನ್ನೆಲ್ಲ ಮೊದಲು ಓದುವ ಹಕ್ಕು ಜವಾನನದು ಎಂದು ಯಾವ ನಿಯಮದಲ್ಲೂ ಇಲ್ಲದಿದ್ದರೂ ಓದುತ್ತಿದ್ದವನು ಅವನೇ. ಲಕೋಟೆಯ ಅಂಚಿನಿಂದ ಇಣುಕಿ ನೋಡಿದ. ‘ಎಂಟನೇ ಬಿ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವು ನಾಲ್ಕನೇ ಅವಧಿಯಲ್ಲಿ ಮಾತ್ರ ಮಿತಿಮೀರುತ್ತಿದೆ. ಆ ಅವಧಿಯ ಶಿಕ್ಷಕರು ಕಾರಣ’ ಎಂಬಲ್ಲಿಗೆ ಕಾಗದ ಮಡಿಸಿತ್ತು. ಮಡಿಕೆಯ ಆಚೆ ‘ನೀಡಬೇಕು’ ಎಂಬ ಪದವೊಂದು ಇತ್ತು. ಅದನ್ನು ಓದಲು ಲಕೋಟೆ ಹರಿಯಬೇಕಿತ್ತು, ಅವನು ಅಷ್ಟು ಅಪ್ರಾಮಾಣಿಕನಲ್ಲ. ಶಿಕ್ಷಕರು ಕಾರಣ ಎಂಬಷ್ಟನ್ನೇ ಗೇಟಿನ ಬಳಿ ಹೇಳಿದ. ಗಾಳಿಯ ವಿಷಯವಾದ್ದರಿಂದಲೋ ಏನೋ, ಗಾಳಿಸುದ್ದಿಯೂ ಬೇಗ ಹಬ್ಬಿತು. ಮಧ್ಯಾಹ್ನಕ್ಕೆ ಮೇಷ್ಟ್ರ ಬಾಯಿಂದ ಅನಿಲ ಬರುತ್ತದೆ ಎಂದಾಯಿತು. ಸಂಜೆಗೆ ಅದು ವಿಷಾನಿಲವಾಯಿತು.

ಹೆಡ್ ಮೇಡಂ ಮೇಷ್ಟ್ರನ್ನು ಕರೆಸಿ ಪತ್ರ ಮುಂದಿಟ್ಟರು. ಮೇಷ್ಟ್ರು ಓದಿದರು.

“ಮೇಷ್ಟ್ರೇ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಆದ್ರೆ ಒಳ್ಳೇದಾ?”

“ಗಿಡಗಳಿಗೆ ಒಳ್ಳೇದು ಮೇಡಂ.”

“ಎಂಟನೇ ಬಿಯಲ್ಲಿ ಗಿಡ ಇಲ್ಲ.”

ಮೇಷ್ಟ್ರು ಅದನ್ನೂ ಒಪ್ಪಿದರು.

ಆ ದಿನ ಬೀರುವಿನಿಂದ ಕೈಪಿಡಿ ಹೊರಬಂತು. ಮೊದಲ ಪುಟದ ಎರಡನೇ ಸಾಲಿನಲ್ಲೇ ಎಲ್ಲವೂ ಇತ್ತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಆ ಅನಿಲದ ಪಾಲು ಎಷ್ಟು ಎಂಬುದೇ ಆ ಅಂಕಿ. ಅದು ಏರಿದಂತೆಲ್ಲ ತಲೆ ಭಾರವಾಗುತ್ತದೆ, ಮಂಪರು ಹತ್ತುತ್ತದೆ, ಕಿಟಕಿ ತೆರೆದಿಡಿ. ಮೇಷ್ಟ್ರು ಕೊನೆಯ ಎರಡು ಪದಗಳನ್ನು ಮತ್ತೆ ಮತ್ತೆ ಓದಿದರು. ಕೈಪಿಡಿ ಮುಚ್ಚಿ ವಾಪಸ್ಸು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮುಂದಿನ ದಿನಗಳು ಅವರ ಪಾಲಿಗೆ ಕಷ್ಟದವು. ಚಹಾದವನು ಲೋಟವನ್ನು ಮೇಜಿನ ಅಂಚಿನಲ್ಲಿಟ್ಟು ಬೆರಳಿನಿಂದ ತಳ್ಳತೊಡಗಿದ. ಗಣಿತದ ಮೇಡಂ ಮೂಗಿಗೆ ಕರವಸ್ತ್ರ ಹಿಡಿದೇ, “ತಪ್ಪು ತಿಳ್ಕೋಬೇಡಿ ಸಾರ್, ನೆಗಡಿ,” ಅಂದರು. ಅವರ ಮುಖದಲ್ಲಿ ಒಂಬೈನೂರು ಈಗ ಗೌರವದ ಅಂಕಿಯಾಗಿ ಹೊಳೆಯುತ್ತಿತ್ತು. ಮೂವರು ತಂದೆಯಂದಿರು ಬಂದು ಮಕ್ಕಳನ್ನು ಎ ವಿಭಾಗಕ್ಕೆ ಬದಲಾಯಿಸಿ ಎಂದು ಅರ್ಜಿ ಕೊಟ್ಟರು. ಪಕ್ಕದ ಮನೆಯವರು ಒಂದು ಕಾಲದಲ್ಲಿ ಅಡುಗೆ ಅನಿಲದ ಏಜೆನ್ಸಿಯಲ್ಲಿದ್ದವರು. ಅವರು ತಾವಾಗಿಯೇ ಬಂದು ಮೇಷ್ಟ್ರ ಮನೆಯ ಒಲೆ, ಕೊಳವೆ, ಸಿಲಿಂಡರಿನ ಬಾಯಿ ಎಲ್ಲವನ್ನೂ ಮೂಸಿ, ಕೊನೆಗೆ ಮೇಷ್ಟ್ರ ಭುಜದ ಹತ್ತಿರ ಬಂದು ನಿಂತು, “ನಮ್ಮ ಕಂಪನಿ ಅನಿಲ ಅಲ್ಲ ಇದು,” ಎಂದು ತೀರ್ಪು ಕೊಟ್ಟು ಹೋದರು.

ಹೆಂಡತಿಯ ತಮ್ಮನಿಗೆ ಔಷಧಿ ಅಂಗಡಿ. ಅವನು ಸಂಜೆ ಸೀದಾ ಮನೆಗೆ ಬಂದ.

“ಭಾವ, ಊದಿ.”

“ಏನನ್ನ?”

“ಸುಮ್ನೆ ಊದಿ. ಹೊಟ್ಟೆಯಿಂದ ಬರ್ತಾ ಇದೆಯೋ, ಶ್ವಾಸಕೋಶದಿಂದಲೋ ನೋಡೋಣ.”

ಮೇಷ್ಟ್ರು ಊದಿದರು. ಭಾವಮೈದ ಕಣ್ಣು ಮುಚ್ಚಿ ಯೋಚಿಸಿ, ಪುದೀನದ ಮಾತ್ರೆ ಎರಡು ಪಟ್ಟಿ, ಹೊಟ್ಟೆಗೆ ಒಂದು ಶೀಷೆ ಇಟ್ಟ. “ದಿನಕ್ಕೆ ಮೂರು ಸಲ. ಪಾಠ ಕಮ್ಮಿ ಮಾಡಿ,” ಅಂದ.

ಅವನು ಹೋದಮೇಲೆ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದರು. “ರೀ, ಆ ಕೋಣೇಲಿ ಕಿಟಕಿ ಇಲ್ವಾ?”

ಮೇಷ್ಟ್ರು ಕೇಳಿಸದವರಂತೆ ಕೂತರು. ಆಕೆ ಎಡಗಡೆ ಕೂತಿದ್ದರಿಂದ ಅದು ಅರ್ಧ ನಿಜವೂ ಆಗಿತ್ತು. ಆಕೆ ಎದ್ದು ಬಂದು ಬಲಗಡೆ ಕೂತು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು.

“ಇವೆ,” ಅಂದರು ಮೇಷ್ಟ್ರು.

“ಮುಚ್ಚೋದು ಯಾರು?”

ಮೇಷ್ಟ್ರು ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರು. ಆಕೆ ಮಡಿಸಿದ ಬಟ್ಟೆಯನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದರು.

ಮರುದಿನ ಊಟದ ಬಿಡುವಿನಲ್ಲಿ ನಿದ್ದೆಗಣ್ಣಿ ಹುಡುಗಿ ನಕ್ಷೆಪುಸ್ತಕ ಹಿಡಿದು ಬಂದಳು. ಅವಳ ಧ್ವನಿ ಮೊದಲೇ ಸಣ್ಣದು. ಮೇಷ್ಟ್ರು ಅವಳ ತುಟಿಯನ್ನೇ ನೋಡುತ್ತ ಕೂತರು. ಪುಸ್ತಕದಲ್ಲಿ ಇಪ್ಪತ್ತಮೂರು ದಿನದ ಅಂಕಿಗಳು ನೀಲಿ ಗೆರೆಯಾಗಿದ್ದವು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಗೆರೆ. ಅದನ್ನು ಬರೆ ಎಂದು ಅವರು ಹೇಳಿರಲಿಲ್ಲ.

“ಇದೇನಮ್ಮಾ ಕೆಂಪು?”

“ತಲೆ ಕೆಳಗೆ ಹಾಕಿದವರು ಸಾರ್. ಹಿಂದೆ ನಿಂತಿರ್ತೀನಲ್ಲ, ಎಲ್ಲಾ ಕಾಣುತ್ತೆ. ಎಣಿಸಿದೆ.”

ನೀಲಿ ಏರಿದ ಹಾಗೆಲ್ಲ ಕೆಂಪು ಏರಿತ್ತು. ಎರಡೂ ಜೊತೆಯಾಗಿ ಮೆಟ್ಟಿಲು ಹತ್ತುವ ಅಕ್ಕತಂಗಿಯರಂತೆ ಕಾಣುತ್ತಿದ್ದವು. ಒಂದೇ ಒಂದು ದಿನ ಎರಡೂ ನೆಲಕ್ಕಂಟಿಕೊಂಡಿದ್ದವು. ಅಂಕಿ ಏಳುನೂರ ಎಂಬತ್ತು, ತಲೆ ಕೆಳಗೆ ಹಾಕಿದವರು ಒಬ್ಬರು.

“ಆವತ್ತು ನೀವು ರಜ ಇದ್ರಿ ಸಾರ್. ಗಣಿತದ ಮೇಡಂ ಬಂದ್ರು. ಕಿಟಕಿ ತೆಗೆದೇ ಇತ್ತು.” ಹುಡುಗಿ ಆ ದಿನದ ಮೇಲೆ ಬೆರಳಿಟ್ಟಳು. “ಆವತ್ತು ನನಗೂ ನಿದ್ದೆ ಬರಲಿಲ್ಲ. ನಾನು ಕೂತೇ ಇದ್ದೆ.”

ಮೇಷ್ಟ್ರಿಗೆ ಪ್ರತಿಯೊಂದು ಪದವೂ ಕೇಳಿಸಿತು. “ನೋಡೋಣ, ಹೋಗು,” ಅಂದರು. ಅವಳು ಹೋದ ಮೇಲೆ ಪುದೀನದ ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡರು.

ಆ ವಾರದ ಕೊನೆಗೆ ಇಲಾಖೆಯ ಅಂಕಿಅಂಶದ ಸಾಹೇಬರೇ ಬಂದರು. ಬದುಕನ್ನೆಲ್ಲ ಕಾಲಂಗಳಲ್ಲಿ ಕಳೆದ ಗಂಭೀರ ಮನುಷ್ಯ. ನಕ್ಕರೆ ಯಾವ ಕಾಲಂಗೆ ಸೇರಿಸುವುದೆಂದು ತಿಳಿಯದೆ ನಗುವುದನ್ನು ಬಿಟ್ಟವರಂತೆ ಕಾಣುತ್ತಿದ್ದರು. ಕಾರಣವನ್ನು ಕಣ್ಣಾರೆ ನೋಡಬೇಕೆಂದು ನಾಲ್ಕನೇ ಅವಧಿಗೆ ಎಂಟನೇ ಬಿಯ ಕೊನೆಯ ಬೆಂಚಿನಲ್ಲಿ ಕಡತ ಇಟ್ಟುಕೊಂಡು ಕೂತರು.

ಮೇಷ್ಟ್ರು ಒಳಗೆ ಬಂದರು. ಎದುರಿಗೆ ಸುತ್ತಿಗೆ ಬಡಿಯುತ್ತಿತ್ತು. ಕಿಟಕಿ ತೆರೆದಿಟ್ಟರೆ ಅಂಕಿ ಇಳಿಯುತ್ತದೆ, ಆದರೆ ಸಾಹೇಬರ ಎದುರಿಗೇ ಮಕ್ಕಳ ಉತ್ತರ ಕೇಳಿಸದೆ ಪೆಚ್ಚಾಗಬೇಕು. ಮುಚ್ಚಿದರೆ ಕಿವಿ ಉಳಿಯುತ್ತದೆ, ಅಂಕಿ ಏರುತ್ತದೆ. ಕಿಟಕಿಯ ಹತ್ತಿರ ನಿಂತು ಅವರು ಅಷ್ಟು ಹೊತ್ತು ಯೋಚಿಸಿದ್ದನ್ನು ನೋಡಿ ಮಕ್ಕಳು ಇದೂ ಪಾಠದ ಭಾಗವೆಂದುಕೊಂಡರು. ಕೊನೆಗೆ ಅವರ ಕೈ ರೂಢಿಯ ದಾರಿ ಹಿಡಿಯಿತು. ನಾಲ್ಕೂ ಅಗುಳಿ ಬಿದ್ದವು.

ಪಾಠ ಚೆನ್ನಾಗಿಯೇ ನಡೆಯಿತು. ಉಸಿರಾಟದ ಪಾಠ. ಇಪ್ಪತ್ತೈದು ನಿಮಿಷಕ್ಕೆ ಎರಡು ಸಾವಿರದ ಇನ್ನೂರು. ಮೂವತ್ತೈದಕ್ಕೆ ಎರಡು ಸಾವಿರದ ಒಂಬೈನೂರು. ಹುಡುಗಿ ಹಿಂದಿನ ಗೋಡೆಗೆ ನಿಂತು ತಲೆಗಳನ್ನು ಎಣಿಸಿದಳು. ಇಪ್ಪತ್ತಮೂರು. ಪಕ್ಕಕ್ಕೆ ನೋಡಿ, ಇನ್ನೊಂದು ಸೇರಿಸಿ, ಇಪ್ಪತ್ತನಾಲ್ಕು ಎಂದು ಬರೆದಳು. ಸಾಹೇಬರ ಕೆನ್ನೆ ಕಡತದ ಮೇಲಿತ್ತು.

ಗಂಟೆ ಹೊಡೆದಾಗ ಸಾಹೇಬರು ಘನತೆಯಿಂದ ಎದ್ದು, ಕೆನ್ನೆಯ ಮೇಲೆ ಅಚ್ಚಾಗಿದ್ದ ಕಡತದ ದಾರದ ಗುರುತನ್ನು ಒರೆಸಿಕೊಂಡು, ಹೆಡ್ ಮೇಡಂ ಕೋಣೆಗೆ ನಡೆದರು. ಮೇಷ್ಟ್ರು ಹಿಂಬಾಲಿಸಿದರು. ನಕ್ಷೆಪುಸ್ತಕ ತರಬೇಕೆಂದು ಹೆಡ್ ಮೇಡಂ ಹುಡುಗಿಗೂ ಹೇಳಿಕಳಿಸಿದ್ದರು.

ಅಲ್ಲಿ ಅವಳ ತಾಯಿ ಆಗಲೇ ಕೂತಿದ್ದರು. ನಗರ ಬಸ್ಸಿನ ಕಂಡಕ್ಟರ್. ಸಮವಸ್ತ್ರದಲ್ಲೇ ಬಂದಿದ್ದರು, ಕೊರಳಲ್ಲಿ ಸೀಟಿ ಇತ್ತು. ಅವರನ್ನು ಕರೆಸಿದ್ದು ಬೇರೆ ವಿಷಯಕ್ಕೆ. ಎಂಟನೇ ಬಿಯಲ್ಲಿ ಸದಾ ನಿದ್ದೆ ಮಾಡುವ ಐವರನ್ನು ಮುಂದಿನ ವಾರದಿಂದ ನಿಧಾನ ಕಲಿಕೆಯ ವಿಭಾಗಕ್ಕೆ ಹಾಕುವುದೆಂದು ತೀರ್ಮಾನವಾಗಿತ್ತು. ಆ ವಿಭಾಗದಲ್ಲಿ ವಿಜ್ಞಾನವೂ ಗಣಿತವೂ ಇರಲಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಅವರ ಮಗಳದ್ದು. ತಾಯಿ ಸಹಿ ಹಾಕಬೇಕಿತ್ತು.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ನಾನು ಪರಿಶೀಲಿಸಿದೆ. ಆ ಕೋಣೇಲಿ ಏನೂ ತೊಂದರೆ ಇಲ್ಲ. ಯಂತ್ರ ಕೆಟ್ಟಿದೆ ಅಂತ ಬರೆದುಬಿಡೋಣ. ಮೇಷ್ಟ್ರು ಒಂದು ಸಹಿ ಹಾಕಿದ್ರೆ ಪೆಟ್ಟಿಗೆ ವಾಪಸ್ ತಗೊಂಡು ಹೋಗ್ತೀನಿ. ಯಾರ ಮೇಲೂ ಮಾತು ಬರಲ್ಲ.”

ಮೇಷ್ಟ್ರಿಗೆ ಮೈಯೆಲ್ಲ ಹಗುರವಾಯಿತು. ಇಂಥ ಬಾಗಿಲು ತಾನಾಗಿ ತೆರೆಯುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡರು.

“ಹಾಗಾದ್ರೆ ಈ ಹುಡುಗಿ ಬರೆದದ್ದು?” ಎಂದು ಹೆಡ್ ಮೇಡಂ ಕೇಳಿದರು.

“ಯಂತ್ರವೇ ಕೆಟ್ಟಿದೆ ಅಂದ್ಮೇಲೆ ಆ ಪುಸ್ತಕಕ್ಕೇನು ಅರ್ಥ,” ಅಂದರು ಸಾಹೇಬರು.

ಮೇಜಿನ ಒಂದು ಬದಿಯಲ್ಲಿ ಮೇಷ್ಟ್ರ ಕೈಯಲ್ಲಿ ಪೆನ್ನು, ಇನ್ನೊಂದು ಬದಿಯಲ್ಲಿ ತಾಯಿಯ ಕೈಯಲ್ಲಿ ಪೆನ್ನು. ನಡುವೆ ಹುಡುಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತ, ಬೆರಳಿಟ್ಟು ಲೆಕ್ಕ ಸರಿಯಿದೆಯೇ ಎಂದು ನೋಡುತ್ತಿದ್ದಳು. ಮೇಷ್ಟ್ರ ಕಡೆ ತಿರುಗಿ ಏನೋ ಕೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತು ಹಿಡಿಯಲಿಲ್ಲ.

“ಏನಂದ್ಲು?” ಎಂದು ಮೇಷ್ಟ್ರು ತಾಯಿಯನ್ನು ಕೇಳಿದರು.

ಕಿಕ್ಕಿರಿದ ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವ ಧ್ವನಿ ಆ ತಾಯಿಯದು. ಆಕೆ ಮೆಲ್ಲಗೆ ಹೇಳಿದರೂ ಮೇಷ್ಟ್ರ ಎಡಗಿವಿಗೂ ಕೇಳಿಸಿತು. “‘ನಾನು ಬರೆದದ್ದೆಲ್ಲಾ ತಪ್ಪಾ ಸಾರ್’ ಅಂತ ಕೇಳ್ತಾಳೆ.”

ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಮಕ್ಕಳು ಅವರನ್ನು ಈ ಪ್ರಶ್ನೆ ಕೇಳಿದ್ದರು. ತಪ್ಪಿದ್ದರೆ ತಪ್ಪು, ಸರಿಯಿದ್ದರೆ ಸರಿ ಎಂದು ಹೇಳುವುದಕ್ಕೇ ಅವರಿಗೆ ಸಂಬಳ. ಬೇರೆ ವಿಷಯದಲ್ಲಿ ಅವರು ಎಷ್ಟೇ ಎಡವಟ್ಟು ಮಾಡಿರಲಿ, ಸರಿ ಉತ್ತರಕ್ಕೆ ತಪ್ಪು ಗುರುತು ಹಾಕಿದವರಲ್ಲ.

ಅವರು ಪೆನ್ನು ಕೆಳಗಿಟ್ಟರು. “ತಪ್ಪಿಲ್ಲಮ್ಮ. ಒಂದೂ ತಪ್ಪಿಲ್ಲ,” ಅಂದರು. ಆಮೇಲೆ ಸಾಹೇಬರ ಕಡೆ ತಿರುಗಿದರು. “ಯಂತ್ರ ಸರಿಯಾಗಿದೆ ಸಾಹೇಬ್ರೇ. ಕಾರಣ ನಾನೇ.”

ಬಾಗಿಲ ಹೊರಗೆ ನಿಂತಿದ್ದ ಜವಾನ, ತಾನು ಓದಿದ್ದು ಸರಿಯಾಗಿಯೇ ಇತ್ತಲ್ಲ ಎಂದು ತಲೆಯಾಡಿಸಿದ.

“ನನಗೆ ಎಡಗಿವಿ ಕೇಳಲ್ಲ. ಬಲಗಿವಿ ಅರ್ಧ. ಬೀದಿ ಸದ್ದಲ್ಲಿ ಮಕ್ಕಳ ಮಾತು ಹಿಡಿಯೋಕಾಗಲ್ಲ ಅಂತ ಕಿಟಕಿ ಮುಚ್ತಾ ಇದ್ದೆ. ಮೂರು ವರ್ಷದಿಂದ. ಎಂಟನೇ ಬಿ ಮಕ್ಕಳು ನಿದ್ದೆ ಮಾಡಿದ್ದಲ್ಲ ಮೇಡಂ, ನಾನು ಮಾಡಿಸಿದ್ದು. ಆ ಪಟ್ಟಿ ತಪ್ಪು.”

ಹೆಡ್ ಮೇಡಂ ಕೇಳಿದರು. “ಕಿಟಕಿ ತೆಗೆದಿಡಬೇಕು ಅಂತ ತರಬೇತೀಲಿ ಹೇಳಿಕೊಡಲಿಲ್ವಾ?”

“ತರಬೇತೀಲಿ ಗೆದ್ದಲಿನ ವಿಷಯ ಹೇಳಿದ್ರು ಮೇಡಂ.” ಮೇಷ್ಟ್ರು ತಲೆ ತಗ್ಗಿಸಿದರು. “ಆರನೇ ಕೋಣೆ ಅಂದಿದ್ದು ನನಗೆ ಮೂರನೇ ಕೋಣೆ ಅಂತ ಕೇಳಿಸ್ತು.”

ಹೆಡ್ ಮೇಡಂ ಡೈರಿಯ ಕಡೆ ಕೈಚಾಚಿ, ಮನಸ್ಸು ಬದಲಿಸಿ, ಕೈ ಹಿಂದಕ್ಕೆ ತೆಗೆದುಕೊಂಡರು. ಕಂಡಕ್ಟರ್ ತಾಯಿ ಸಹಿ ಹಾಕದ ಕಾಗದವನ್ನು ನಾಲ್ಕಾಗಿ ಮಡಿಸಿ, ಟಿಕೆಟ್ ಹರಿಯುವಷ್ಟೇ ಸಲೀಸಾಗಿ ಹರಿದು ಮೇಜಿನ ಮೇಲಿಟ್ಟರು. ಯಾರೂ ಆಕ್ಷೇಪಿಸಲಿಲ್ಲ.

ಸಾಹೇಬರು ಕಡತ ತೆರೆದರು. ‘ಕಾರಣ’ ಎಂಬ ಕಾಲಂನಲ್ಲಿ ‘ಕಿಟಕಿ’ ಎಂದು ಬರೆದರು. ಅದು ಸರಿಯಾಗಿ ಹಿಡಿಸಿದ್ದಕ್ಕೆ ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಆಮೇಲೆ ಹುಡುಗಿಯ ಪುಸ್ತಕ ಇಸಿದುಕೊಂಡು ಆ ದಿನದ ಪುಟ ನೋಡಿದರು. ಕೆಂಪು ಗೆರೆಯ ತುದಿಯಲ್ಲಿ ಅವರ ಬೆರಳು ನಿಂತಿತು.

“ಈ ಇಪ್ಪತ್ತನಾಲ್ಕರಲ್ಲಿ ಒಂದನ್ನ ಕಮ್ಮಿ ಮಾಡಬಹುದೇನಮ್ಮ?”

“ಆಗಲ್ಲ ಸಾರ್,” ಅಂದಳು ಹುಡುಗಿ. “ಬರೆದಾಗಿದೆ.”

ಸಾಹೇಬರು ಅವಳನ್ನು ಒಂದು ಕ್ಷಣ ನೋಡಿದರು. “ಹೌದು. ಬರೆದಾಗಿದೆ,” ಎಂದು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟರು.

ಮೇಷ್ಟ್ರಿಗೆ ಎಚ್ಚರಿಕೆಯ ಪತ್ರ ಬಂತು. ವಿಷಯ ಮುಚ್ಚಿಟ್ಟದ್ದಕ್ಕೆ ಒಂದು, ತರಬೇತಿ ತಪ್ಪಿಸಿದ್ದಕ್ಕೆ ಇನ್ನೊಂದು. ಉಗ್ರಾಣದ ಮಾತೂ ಎದ್ದಿತ್ತು. ಆದರೆ ಅಂಕಿಅಂಶದ ಸಾಹೇಬರು ವರದಿಯ ಕೊನೆಗೆ, ತಮ್ಮ ತಪ್ಪನ್ನು ಅಳತೆಸಮೇತ ಒಪ್ಪಿಕೊಂಡ ಶಿಕ್ಷಕರು ಇಲಾಖೆಯಲ್ಲಿ ಇವರೊಬ್ಬರೇ ಎಂದು ಬರೆದದ್ದರಿಂದ ಆ ಮಾತು ಅಲ್ಲಿಗೇ ನಿಂತಿತು. ಕಿವಿಯ ಡಾಕ್ಟರು ಪರೀಕ್ಷಿಸಿ, ಬಲಗಿವಿಗೆ ಯಂತ್ರ ಹಾಕಿದರೆ ಉಪಯೋಗವಾಗುತ್ತದೆ, ಎರಡು ತಿಂಗಳು ಕಾಯಬೇಕು ಅಂದರು. ಜೊತೆಗೆ ಹೋಗಿದ್ದ ಹೆಂಡತಿ ಮನೆಗೆ ಬಂದು ಪುದೀನದ ಮಾತ್ರೆಗಳನ್ನೆಲ್ಲ ತಮ್ಮನಿಗೆ ವಾಪಸ್ಸು ಕಳಿಸಿದರು.

ತಪ್ಪೊಪ್ಪಿಕೊಂಡ ಮರುದಿನವೇ ಎಂಟನೇ ಬಿಗೆ ಹೋದಾಗ ಮೇಷ್ಟ್ರು ಕಿಟಕಿ ಮುಟ್ಟಲಿಲ್ಲ. ಸುತ್ತಿಗೆಯ ಸದ್ದು ಒಳಗೆಲ್ಲ ತುಂಬಿತ್ತು. “ನನಗೆ ಕಿವಿ ಸರಿಯಾಗಿ ಕೇಳಲ್ಲ,” ಎಂದು ನಲವತ್ತೊಂಬತ್ತು ಮಕ್ಕಳ ಎದುರಿಗೆ ಹೇಳಿದರು. “ಇದನ್ನ ಮೊದಲೇ ಹೇಳಬೇಕಿತ್ತು. ಉತ್ತರ ಹೇಳೋರು ನನ್ನ ಬಲಗಡೆಗೆ ಬಂದು ಹೇಳಿ.”

ಯಾರೋ ಕಿಸಕ್ಕೆಂದರು. ನಗು ಜೊತೆಗಾರರಿಲ್ಲದೆ ಅಲ್ಲೇ ಕೊನೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಮುಂದಿನ ಬೆಂಚಿನವನು ಎದ್ದು ಕೇಳಿದ. “ಸಾರ್, ಸುತ್ತಿಗೆ ಏಟನ್ನೂ ಎಣಿಸೋಣ್ವಾ? ಯಾವ ಹೊತ್ತಲ್ಲಿ ಕಮ್ಮಿ ಅಂತ?”

ಒಂದು ವಾರ ಎಣಿಸಿದರು. ಪ್ರತಿ ಅವಧಿಗೂ ಇಬ್ಬರ ಪಾಳಿ. ಟ್ರಂಕಿನವನು ಎರಡನೇ ಅವಧಿಯಲ್ಲಿ ತಗಡು ಕತ್ತರಿಸುತ್ತಾನೆ, ಬಡಿಯುವುದಿಲ್ಲ ಎಂದು ನಕ್ಷೆ ಹೇಳಿತು. ಹೆಡ್ ಮೇಡಂ ವೇಳಾಪಟ್ಟಿ ತಿದ್ದಿದರು. ನಾಲ್ಕನೇ ಅವಧಿ ಗಣಿತದ ಮೇಡಂ ಪಾಲಿಗೆ ಹೋಯಿತು. “ನನ್ನ ಧ್ವನಿ ಎದುರಿಗೆ ಆ ತಗಡು ಯಾವ ಲೆಕ್ಕ,” ಎಂದು ಅವರು ಸಂತೋಷದಿಂದಲೇ ಒಪ್ಪಿಕೊಂಡರು. ಅವರಿಗೆ ಈಗ ಆರುನೂರ ತೊಂಬತ್ತು ಬರುತ್ತಿತ್ತು. ಅದನ್ನು ಅವರು ದಿನವೂ ಎಲ್ಲರಿಗೂ ಹೇಳುತ್ತಿದ್ದರು.

ಹೊಸ ವೇಳಾಪಟ್ಟಿಯ ಮೂರನೇ ದಿನ ಮೇಷ್ಟ್ರು ಪೆಟ್ಟಿಗೆಯನ್ನು ಮೊಳೆಯಿಂದ ಇಳಿಸಿ, ಮಕ್ಕಳನ್ನೆಲ್ಲ ಕರೆದುಕೊಂಡು ಅಂಗಳಕ್ಕೆ ಹೋದರು. ಬಯಲಲ್ಲಿ ಇಟ್ಟು ಕಾದರು. ಅಂಕಿ ಇಳಿಯುತ್ತ ಇಳಿಯುತ್ತ ನಾನೂರ ಇಪ್ಪತ್ತೈದಕ್ಕೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಹೋಗಲೊಲ್ಲದು.

ಎತ್ತರದ ಹುಡುಗಿ ಗುಂಪಿನಿಂದ ಹೊರಬಂದು ಮೇಷ್ಟ್ರ ಬಲಗಡೆ ನಿಂತಳು. “ಸಾರ್, ಇಲ್ಲಿ ಗೋಡೆ ಇಲ್ಲ, ಮುಚ್ಚೋಕೆ ಕಿಟಕಿ ಇಲ್ಲ. ಈ ನಾನೂರ ಇಪ್ಪತ್ತೈದು ಯಾರ ಉಸಿರು?”

ಮೇಷ್ಟ್ರು ಆಕಾಶದ ಕಡೆ ಒಮ್ಮೆ ನೋಡಿದರು. “ಇನ್ನೊಂದು ಸಲ ಹೇಳಮ್ಮ,” ಅಂದರು.

ಅವರಿಗೆ ಕೇಳಿಸಿಲ್ಲವೆಂದುಕೊಂಡು ಹುಡುಗಿ ಧ್ವನಿ ಎತ್ತಿ, ಬಿಡಿಬಿಡಿಯಾಗಿ, ಮತ್ತೆ ಕೇಳಿದಳು. ಅವಳ ಧ್ವನಿ ಅಷ್ಟು ದೊಡ್ಡದಾಗಿ ಹೊರಟದ್ದನ್ನು ಅಂಗಳದಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ನಲವತ್ತೆಂಟು ತಲೆಗಳೂ ಅವಳ ಕಡೆ ತಿರುಗಿದವು.

ಮೇಷ್ಟ್ರಿಗೆ ಮೊದಲ ಸಲವೇ ಕೇಳಿಸಿತ್ತು.